ಗೊರಬಿನ ಮೇಲೆ ಮಳೆ

ಪುಸ್ತಕವನ್ನು ಬರೆಯುವುದು ಕಷ್ಟವೊ, ಬರೆದುದನ್ನು ಮಾರುವುದು ಕಷ್ಟವೊ ಎಂಬ ಪ್ರಶ್ನೆಯನ್ನು ಯಾರಾದರೂ ನನ್ನ ಮುಂದಿಟ್ಟರೆ ನಾನು ವಾದಕ್ಕಿಳಿಯುವುದಿಲ್ಲ. ಅವರನ್ನು ನೇರವಾಗಿ ಶಿರಾಲಿಗೆ ಕರೆತಂದು, ನಮ್ಮ ಮಾಸ್ತರರ ಮನೆಯ ಅಟ್ಟವನ್ನು ತೋರಿಸುತ್ತೇನೆ. ಹೋದ ವರ್ಷ ಮೇ ತಿಂಗಳಿನಲ್ಲಿ ಅಲ್ಲಿ ಎಂಟು ರಟ್ಟಿನ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಗೆ 50ರಂತೆ 400 ಪುಸ್ತಕಗಳು.

ಮಾಸ್ತರರು ನನಗೆ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸಿದವರು. ಈಗ ಅವರಿಗೆ 81 ವರ್ಷ. ನಿವೃತ್ತರಾದ ಮೇಲೆ ಶಿರಾಲಿ, ಭಟ್ಕಳ, ಮುರ್ಡೇಶ್ವರ, ಮಂಕಿಗಳ ಕೇರಿಗಳಲ್ಲಿ ಅಲೆದು, ಗದ್ದೆಯ, ಕಡಲಿನ, ಅಡಿಗೆಮನೆಯ ಹಳೆಯ ಮಾತುಗಳನ್ನು ನೋಟುಪುಸ್ತಕಗಳಲ್ಲಿ ಕೂಡಿಹಾಕಿದ್ದರು. ಅವನ್ನು ಅಚ್ಚು ಹಾಕಿಸಬೇಕೆಂದು ದುಂಬಾಲು ಬಿದ್ದವನು ನಾನು. “ನೂರು ಪ್ರತಿ ಸಾಕು ಮಾರಾಯ” ಎಂದು ಅವರು ಹೇಳಿದರೆ, “ಐನೂರು ಹಾಕಿಸೋಣ ಮಾಸ್ತರರೇ, ಮಾರುವ ಹೊಣೆ ನನ್ನದು” ಎಂದು ಎದೆ ತಟ್ಟಿದವನೂ ನಾನೇ. ಹಣ ಮಾತ್ರ ಅವರ ಪಿಂಚಣಿಯದು. ಬಿಡುಗಡೆಯ ದಿನ ಹೋದ ನೂರು ಪ್ರತಿಗಳಲ್ಲಿ ಅರ್ಧದಷ್ಟು ಗೌರವ ಪ್ರತಿಗಳಾಗಿ ಹೋದವು. ಉಳಿದವು ಅಟ್ಟ ಸೇರಿದವು. ಮಳೆಗಾಲದಲ್ಲಿ 3,000 ಮಿಲಿಮೀಟರನ್ನು ಮೀರಿ ಸುರಿಯುವ ನಮ್ಮ ಕರಾವಳಿಯಲ್ಲಿ ಅಟ್ಟದ ಪುಸ್ತಕಕ್ಕೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಮಾಸ್ತರರು ಒಂದು ದಿನವೂ ನನ್ನನ್ನು ಆಕ್ಷೇಪಿಸಲಿಲ್ಲ. ಹೋದಾಗಲೆಲ್ಲ ಚಹ ಕೊಟ್ಟು, ಬೇರೆಯ ಮಾತನಾಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರೆಂದು ನಾನು ತರಗತಿಯಲ್ಲಿ ಪ್ರತಿವರ್ಷವೂ ಗದ್ಗದನಾಗಿ ಹೇಳುತ್ತೇನೆ. ಆದರೆ ನನ್ನ ಭುಜದ ಮೇಲೆ ಲ್ಯಾಪ್‌ಟಾಪಿನ ಚೀಲವಲ್ಲದೆ ಬೇರೇನನ್ನೂ ಹೊತ್ತವನಲ್ಲ. ಆದುದರಿಂದ ಮುಖಪುಟದ ಚಿತ್ರವನ್ನು ಫೇಸ್‌ಬುಕ್ಕಿನಲ್ಲಿಯೂ ವಾಟ್ಸಾಪಿನಲ್ಲಿಯೂ ಹಾಕಿ ಕುಳಿತೆ. ಅಭಿನಂದನೆಗಳು ಬಂದವು, ಆರ್ಡರು ಬಂದುದು ಒಂದು, ಅದೂ ನನ್ನ ಭಾವನವರಿಂದ. ಆಗ ನನ್ನ ವಿದ್ಯಾರ್ಥಿಯೊಬ್ಬ ಹೇಳಿದ: “ಸರ್, ಸುಮ್ಮನೆ ನಿಂತ ಚಿತ್ರವನ್ನು ಯಾರೂ ನೋಡುವುದಿಲ್ಲ. ಅದು ಅಲ್ಲಾಡಬೇಕು.”

ಅಲ್ಲಾಡುವ ಆ ಚಿತ್ರಕ್ಕೆ ‘ಜಿಫ್’ ಎನ್ನುತ್ತಾರೆ. ‘ಗಿಫ್’ ಎನ್ನುವವರೂ ಇದ್ದಾರೆ. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಕಂಪನಿಯಲ್ಲಿ ಇದನ್ನು ರೂಪಿಸಿದ ಸ್ಟೀವ್ ವಿಲ್‌ಹೈಟ್ ಅವರು ‘ಜಿಫ್’ ಎಂಬುದೇ ಸರಿಯೆಂದು ಹೇಳಿಹೋದರೂ ಜಗತ್ತಿನ ಅರ್ಧ ಜನ ಒಪ್ಪಲಿಲ್ಲವಂತೆ. ಕನ್ನಡದಲ್ಲಿ ಬರೆದಂತೆಯೇ ಓದುವ ನಮಗೆ ಇಂತಹ ಜಗಳಗಳು ಮೋಜೆನಿಸುತ್ತವೆ. ಅದರ ಗುಟ್ಟು ಬಹಳ ಸರಳ. ಸ್ವಲ್ಪ ಸ್ವಲ್ಪವೇ ಬೇರೆಯಾದ ಕೆಲವು ಚಿತ್ರಗಳನ್ನು ಒಂದೇ ಕಡತದಲ್ಲಿ ಪೇರಿಸಿಡುವುದು. ಒಂದೊಂದೂ ಒಂದು ಸೆಕೆಂಡಿನ ನೂರನೆಯ ಎಷ್ಟು ಪಾಲು ನಿಲ್ಲಬೇಕೆಂದು ಬರೆಯುವುದು. ಎಷ್ಟು ಸಲ ಮರಳಬೇಕೆಂದು ಹೇಳುವುದು. ಹೀಗೆ ಮರಳಿಸುವ ಕ್ರಮವನ್ನು 1995ರ ಸುಮಾರಿಗೆ ನೆಟ್‌ಸ್ಕೇಪ್ ಎಂಬ ಬ್ರೌಸರ್ ತಂದಿತು. ಸೊನ್ನೆ ಎಂದು ಬರೆದರೆ ಕೊನೆಯೇ ಇಲ್ಲ. ಗಣಿತದಲ್ಲಿ ಶೂನ್ಯವೆನಿಸಿದ್ದು ಇಲ್ಲಿ ಅನಂತ!

ಮೊದಲು ಮುಖಪುಟವನ್ನೇ ಕುಣಿಸಲು ಹೊರಟೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರಷ್ಟೆ. ವೇಷಧಾರಿ ಅದರ ಹಿಂದೆ ಕುಣಿಯುತ್ತ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಂಡು ನೋಡುವವರನ್ನು ಕಾಯಿಸುತ್ತಾನೆ. ಅಂತೆಯೇ ನನ್ನ ಪುಸ್ತಕವೂ ಬರಲಿ ಎಂದುಕೊಂಡೆ. ಆದರೆ ಈ ಬಗೆಯ ಚಿತ್ರದಲ್ಲಿ ಒಂದು ಸಲಕ್ಕೆ 256 ಬಣ್ಣಗಳಿಗಿಂತ ಹೆಚ್ಚಿಗೆ ಎಡೆಯಿಲ್ಲ. ಮುಖಪುಟದಲ್ಲಿದ್ದುದು ಸಂಜೆಯ ಕಡಲಿನ ಛಾಯಾಚಿತ್ರ. ಸೂರ್ಯಾಸ್ತದ ನಯವಾದ ಬಣ್ಣಗಳೆಲ್ಲ ಪಟ್ಟೆಪಟ್ಟೆಯಾಗಿ ಒಡೆದು, ಆಕಾಶಕ್ಕೆ ಚರ್ಮರೋಗ ಬಂದಂತಾಯಿತು. ಇದು ಸಾಲದೆಂಬಂತೆ, ನಾನು ಹಿಡಿದ ತಂತ್ರಾಂಶಕ್ಕೆ ಕನ್ನಡದ ಒತ್ತಕ್ಷರ ಬಾರದು. ಪುಸ್ತಕದ ಹೆಸರಿನಲ್ಲಿದ್ದ ಎರಡು ಒತ್ತುಗಳೂ ಅಕ್ಷರದ ಅಡಿಯಿಂದ ಜಾರಿ, ಬಸ್ಸಿನಲ್ಲಿ ಆಸನ ಸಿಗದವರಂತೆ ಪಕ್ಕದಲ್ಲಿ ನಿಂತವು. ಕನ್ನಡ ಎಂ.ಎ. ಆದವನು ಇದನ್ನು ಹೇಗೆ ಸಹಿಸುವುದು? ಕೊನೆಗೆ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಅಕ್ಷರಗಳು ಸರಿಯಾಗಿ ಕುಳಿತವು. ಅಷ್ಟರಲ್ಲಿ ಜೂನ್ ಬಂದಿತ್ತು.

ಛಾಯಾಚಿತ್ರದ ಆಸೆ ಬಿಟ್ಟು, ನಾಲ್ಕೇ ಬಣ್ಣಗಳ ರೇಖಾಚಿತ್ರ ಬರೆಯೋಣವೆಂದು ಪುಸ್ತಕದಿಂದ ಒಂದು ಮಾತನ್ನು ಆರಿಸಿದೆ—ಗೊರಬು. ಬಿದಿರಿನ ಸೀಳುಗಳ ಹೆಣಿಗೆಯ ನಡುವೆ ಒಣಗಿದ ಎಲೆಗಳನ್ನು ಒತ್ತಾಗಿ ಹಾಸಿ ಮಾಡಿದ, ತಲೆಯಿಂದ ಸೊಂಟದವರೆಗೆ ಚಿಪ್ಪಿನಂತೆ ಕವಿಯುವ ಆ ಸಾಧನವನ್ನು ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಂಡಿಲ್ಲ. ಪ್ಲಾಸ್ಟಿಕ್ ಹಾಳೆ ಬಂದು ಅದನ್ನು ಮೂಲೆಗೆ ತಳ್ಳಿತು. ಗೊರಬು ಹೊತ್ತು ಬಾಗಿ ನೆಟ್ಟಿ ಮಾಡುವ ಒಬ್ಬ ಹೆಂಗಸು. ಮೇಲೆ ಓರೆಯಾದ ಮಳೆಯ ಗೆರೆಗಳು. ಗೆರೆಗಳನ್ನು ಸ್ವಲ್ಪ ಸ್ವಲ್ಪ ಕೆಳಕ್ಕೆ ಸರಿಸಿ ಮೂರು ಚಿತ್ರಗಳನ್ನು ಬರೆದರೆ ಸಾಕು, ಮಳೆ ಧೋ ಎಂದು ಸುರಿಯುತ್ತದೆ. ಕೊನೆಯಲ್ಲಿ ಪುಸ್ತಕದ ಹೆಸರು. ಎರಡು ರಾತ್ರಿಗಳ ಕೆಲಸ. ಮೊಬೈಲಿನಲ್ಲಿ ನೋಡಿ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾಸ್ತರರಿಗೆ ತೋರಿಸಲು ಹೋದೆ. ಅವರು ಕನ್ನಡಕ ಏರಿಸಿ, ಜಗುಲಿಯ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ಮಾತಿಲ್ಲ.

“ತಮ್ಮ, ಮಳೆ ಯಾವ ಕಡೆಯಿಂದ ಬರುತ್ತಿದೆ?”

“ಪಡುವಣದಿಂದ, ಮಾಸ್ತರರೇ.”

“ಅವಳ ಮುಖ ಯಾವ ಕಡೆಗಿದೆ?”

ನೋಡಿದೆ. ಮಳೆಗೆ ಎದುರಾಗಿತ್ತು.

“ಗೊರಬು ಇರುವುದು ಬೆನ್ನಿಗೆ. ಮಳೆಗೆ ಮುಖ ಕೊಟ್ಟು ಯಾರಾದರೂ ನೆಟ್ಟಿ ಮಾಡುತ್ತಾರೆಯೆ? ಕಣ್ಣಿಗೆ ನೀರು ಹೊಡೆದು ಸಸಿ ಕಾಣುವುದಿಲ್ಲ. ನನ್ನ ಅಬ್ಬೆ ಗದ್ದೆಗೆ ಇಳಿದವಳೇ ಮೊದಲು ಗಾಳಿ ನೋಡುತ್ತಿದ್ದಳು.”

ನಾಚಿಕೆಯಾಯಿತು. ಆ ಪುಟವನ್ನು ಹತ್ತು ಸಲ ತಿದ್ದಿದವನು ನಾನು. ಪದದ ಅರ್ಥ ಬಾಯಿಪಾಠವಾಗಿತ್ತು. ಗೊರಬಿನ ಒಳಗೆ ಒಬ್ಬಳು ಇದ್ದಾಳೆ, ಅವಳ ಕಣ್ಣಿಗೆ ನೀರು ಹೊಡೆಯುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಅಲ್ಲಿಯೇ ಕುಳಿತು ಮಳೆಯ ದಿಕ್ಕನ್ನು ತಿರುಗಿಸಿದೆ. ಮಾಸ್ತರರು ಮತ್ತೆ ನೋಡಿದರು. ಚಿತ್ರ ಸುತ್ತುತ್ತಲೇ ಇತ್ತು.

“ಇದು ಯಾವಾಗ ನಿಲ್ಲುತ್ತದೆ?”

“ನಿಲ್ಲುವುದಿಲ್ಲ, ಮಾಸ್ತರರೇ. ಸೊನ್ನೆ ಹಾಕಿದ್ದೇನೆ.”

“ನಿಲ್ಲಿಸು ಮಾರಾಯ. ಅವಳು ಮನೆಗೆ ಹೋಗಬೇಕಲ್ಲ.”

ನಗುತ್ತ ಹೇಳಿದರೋ, ಹಾಗೆಯೇ ಹೇಳಿದರೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಆ ರಾತ್ರಿ ಎರಡು ಚಿತ್ರಗಳನ್ನು ಹೊಸದಾಗಿ ಬರೆದೆ. ಒಂದರಲ್ಲಿ ಮಳೆ ತೆಳುವಾಗಿದೆ; ಇನ್ನೊಂದರಲ್ಲಿ ಗೊರಬು ಗದ್ದೆಯ ಹಾಳಿಯ ಮೇಲೆ ಸಣ್ಣದಾಗಿ ದೂರ ಹೋಗುತ್ತಿದೆ, ಬರಿದಾದ ಜಾಗದಲ್ಲಿ ಪುಸ್ತಕದ ಹೆಸರು ನಿಂತಿದೆ. ಮೂರು ಸಲ ಸುತ್ತಿ ನಿಲ್ಲಲಿ ಎಂದು ಬರೆದೆ. ವಾಟ್ಸಾಪಿನಂತಹವು ಇಂತಹ ಚಿತ್ರವನ್ನು ವಿಡಿಯೊ ಆಗಿ ಮಾರ್ಪಡಿಸಿ ತಮ್ಮ ಇಷ್ಟದಂತೆ ತಿರುಗಿಸುತ್ತವೆ. ಅದಕ್ಕೆ ನಾನೇನೂ ಮಾಡುವಂತಿಲ್ಲ. ಕೊನೆಯ ಚಿತ್ರವನ್ನು ನಾಲ್ಕು ಸೆಕೆಂಡು ನಿಲ್ಲಿಸಿದೆನಷ್ಟೆ. ವ್ಯಾಪಾರದ ದೃಷ್ಟಿಯಿಂದಲೂ ಇದೇ ಲೇಸಾಯಿತು: ಮೊದಲು ಅರೆಕ್ಷಣದಲ್ಲಿ ಮಾಯವಾಗುತ್ತಿದ್ದ ಹೆಸರು ಈಗ ಓದಲು ಸಿಗುತ್ತಿತ್ತು.

ಪವಾಡವೇನೂ ನಡೆಯಲಿಲ್ಲ. ನೋಡಿದವರು ಸಾವಿರಾರು, ಕೆಲವರು ಪುಸ್ತಕದ ಹೆಸರನ್ನು ಕತ್ತರಿಸಿ ‘ಶುಭ ಮುಂಜಾನೆ’ ಎಂದು ಸೇರಿಸಿ ನನಗೇ ಕಳಿಸಿದರು. ಆದರೂ ದೀಪಾವಳಿಯ ಹೊತ್ತಿಗೆ 67 ಪ್ರತಿಗಳು ಹೋಗಿದ್ದವು. ಒಂದು ಪೆಟ್ಟಿಗೆ ಬರಿದಾಗಿ, ಎರಡನೆಯದಕ್ಕೆ ಕೈ ಹಾಕಿದ್ದೆವು. ಮುಂಬಯಿಯಿಂದ ವೃದ್ಧೆಯೊಬ್ಬರು ಬರೆದಿದ್ದರು—ಅಜ್ಜಿಯ ಬೆನ್ನ ಮೇಲೆ ಅದನ್ನು ಕಂಡ ನೆನಪಿತ್ತು, ಹೆಸರು ಮಾತ್ರ ಐವತ್ತು ವರ್ಷಗಳಿಂದ ನಾಲಗೆಗೆ ಬಂದಿರಲಿಲ್ಲ ಎಂದು. ಮಾಸ್ತರರು ಆ ಪ್ರತಿಯ ಮೇಲಿನ ವಿಳಾಸವನ್ನು, ನನಗೆ ಅಕ್ಷರ ತಿದ್ದಿಸಿದ ಅದೇ ಗುಂಡಗಿನ ಬರಹದಲ್ಲಿ ತಾವೇ ಬರೆದು, ಅಂಚೆಗೆ ತಾವೇ ಒಯ್ದರು.

ಮೊನ್ನೆ ಹೋದಾಗ, “ಮುಂದಿನದು ಯಾವುದು?” ಎಂದು ಅವರೇ ಕೇಳಿದರು.

“ರಂಪಣಿ ಬಲೆ ಎಳೆಯುವುದನ್ನು ಬರೆಯೋಣವೆಂದಿದ್ದೇನೆ, ಮಾಸ್ತರರೇ.”

“ಎಷ್ಟು ಜನರನ್ನು ಬರೆಯುತ್ತೀ?”

“ಐದು ಜನ.”

ಮಾಸ್ತರರು ಚಹದ ಲೋಟವನ್ನು ಕೆಳಗಿಟ್ಟು ಗಟ್ಟಿಯಾಗಿ ನಕ್ಕರು. “ಐದು ಜನರಿಂದ ರಂಪಣಿ ಎಳೆಸುತ್ತೀಯಾ? ಊರಿಗೆ ಊರೇ ಬೇಕು ಅದಕ್ಕೆ! ನಾಳೆ ಬಾ, ಕುಳಿತು ಹೇಳುತ್ತೇನೆ. ಬರುವಾಗ ಪೆನ್ಸಿಲು ತಾ.”