ಉಪ್ಪಿಗೆ ಅಂಜುವ ಹಸಿರು

ನಮ್ಮ ಕಡೆಯ ಹೊಳೆ ನೋಡುವುದಿದ್ದರೆ ಕಿಂಡಿ ಅಣೆಕಟ್ಟಿನ ಮೇಲೆ ನಿಂತು ನೋಡಬೇಕು, ಅದೂ ಹಲಗೆ ಹಾಕಿದ ಮೇಲೆ. ಪಡುವಕ್ಕೆ ಭರತದ ಉಪ್ಪುನೀರು, ಬೋಳಾಗಿ ಹೊಳೆಯುತ್ತಿರುತ್ತದೆ. ಮೂಡಕ್ಕೆ ಸಿಹಿನೀರು, ಆದರೆ ನೀರು ಕಣ್ಣಿಗೆ ಬಿದ್ದರೆ ಪುಣ್ಯ. ಗದ್ದೆಯೆಂದುಕೊಂಡು ದನ ಕಾಲಿಡುವಷ್ಟು ದಟ್ಟವಾದ ಹಸಿರು.

ತೇಲುವುದಕ್ಕೆಲ್ಲ ನಾವು ಅಂತರಗಂಗೆ ಎಂದೇ ಅನ್ನುತ್ತೇವೆ. ಕೋಟದ ಬೈಲಿನಿಂದ ಹೆಮ್ಮಾಡಿಯವರೆಗೆ ನಟ್ಟಿಯ ದಿನ ಈ ಹೆಸರು ಹಿಡಿದು ಬೈಯದವರಿಲ್ಲ. ತಿಳಿನೇರಳೆ ಹೂವಿನದು ಬೇರೆ. ನೋಡಲು ಚೆಂದ, ಹೆಮ್ಮಾಡಿ ಸೇವಂತಿಗೆಯ ಭಾಗ್ಯ ಅದಕ್ಕಿಲ್ಲ ಅಷ್ಟೆ. ಹೂ ಬಾಡಿದ್ದೇ ದಂಟು ಬಾಗಿ ಬೀಜವನ್ನು ನೀರಿಗೆ ಬಿಡುತ್ತದೆ, ಬೀಜ ಕೆಸರಲ್ಲಿ ವರ್ಷಗಟ್ಟಲೆ ಕಾಯುತ್ತದೆ. ನನಗೆ ಅದಕ್ಕಿಂತ ಸೋಜಿಗವೆನಿಸುವುದು ಸಾಲ್ವೀನಿಯಾ ಎಂಬ ಪುಟ್ಟ ಜರಿಗಿಡ.

ಒಂದನ್ನು ಎತ್ತಿ ಅಂಗೈ ಮೇಲಿಟ್ಟುಕೊಳ್ಳಿ. ಎಲೆಗಳು ಜೋಡಿ ಜೋಡಿ. ಮೇಲೆ ಸಣ್ಣ ರೋಮ, ಒಂದೊಂದರ ತುದಿಯೂ ಮೊಟ್ಟೆ ಕಡೆಯುವ ಕಡ್ಡಿಯ ಹಾಗೆ. ನೀರು ಹೊಯ್ದರೆ ಹನಿ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದಿಲ್ಲ. ಅಡಿಯಲ್ಲಿ ಜೋತಾಡುವ ಕಂದು ನಾರು ಬೇರೆಂದು ಕಂಡರೂ ಬೇರಲ್ಲ, ಅದೂ ಎಲೆಯೇ. ಈ ಗಿಡಕ್ಕೆ ಬೇರೂ ಇಲ್ಲ, ಹೂವೂ ಇಲ್ಲ, ಬೀಜವೂ ಇಲ್ಲ. ವರ್ಣತಂತುಗಳು ಎರಡು ಕಂತೆಯ ಬದಲು ಐದು ಕಂತೆ ಇರುವುದರಿಂದ ಬೀಜಾಣು ಚೀಲ ಬಂದರೂ ಒಳಗೆ ಫಲವಿಲ್ಲ. ಇರುವುದೆಲ್ಲ ಗಿಣ್ಣಿನ ಮೊಗ್ಗು. ಗಿಣ್ಣಿನಲ್ಲಿ ಪಟ್ಟನೆ ಮುರಿದರೆ ಎರಡೂ ತುಂಡು ಎರಡು ಗಿಡ. ಹಿತವಾದ ಬಿಸಿಲು, ಗೊಬ್ಬರದ ನೀರು ಸಿಕ್ಕಿದರೆ ಎರಡು ಮೂರು ದಿನಕ್ಕೆ ಇಮ್ಮಡಿ. ಮೂರು ದಿನವೆಂದೇ ಹಿಡಿದರೂ ತಿಂಗಳಲ್ಲಿ ಒಂದು ಗಿಡ ಸಾವಿರ ದಾಟುತ್ತದೆ.

‘ಎಳ್ದ್ ಎಳ್ದ್ ದಂಡಿಗ್ ಹಾಕ್ರೂ ಕಮ್ಮಿ ಆತಿಲ್ಲ ಮರ್ರೆ’ ಎಂದು ನೆರೆಮನೆಯವರು ಗೊಣಗುವುದು ಸುಮ್ಮನೆಯಲ್ಲ. ಎಳೆಯುವಾಗ ಮುರಿದದ್ದೆಲ್ಲ ನೀರಿಗೆ ಬೀಳುತ್ತದೆ. ಜೇಸಿಬಿಯ ಬಕೆಟ್ಟು, ಮೀನಿನ ಬಲೆ, ದೋಣಿ, ಎಮ್ಮೆಯ ಕಾಲು, ಎಲ್ಲವೂ ಅದನ್ನು ಊರು ದಾಟಿಸುವ ವಾಹನವೇ. ಬ್ರೆಜಿಲ್‌ನ ಈ ಗಿಡ ಇಷ್ಟು ದೂರ ಬಂದದ್ದೂ ಮನುಷ್ಯರ ಕೈಯಿಂದಲೇ.

ಅದು ಸೋಲುವುದು ಉಪ್ಪಿಗೆ. ಸೌಪರ್ಣಿಕೆ ಮರವಂತೆಯಲ್ಲಿ ಕಡಲಿನ ಮುಖ ಕಂಡೂ ತೆಂಕಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯಲ್ಲಿ ವಾರಾಹಿ, ಚಕ್ರಾ ಮೊದಲಾದವರನ್ನು ಕೂಡಿ ಪಂಚಗಂಗಾವಳಿಯಾಗುತ್ತದಲ್ಲ, ಆ ಕುದ್ರುಗಳ ಸುತ್ತ ಭರತದ ನೀರಲ್ಲಿ ಸಾಲ್ವೀನಿಯಾ ಕಂದಿ ಸಾಯುತ್ತದೆ. ಆದರೆ ಉಪ್ಪು ಗದ್ದೆಗೂ ಬಾವಿಗೂ ಬರಬಾರದೆಂದು ನಾವೇ ಹಲಗೆ ಹಾಕುತ್ತೇವೆ. ಹಾಕದಿದ್ದರೆ ಕುಡಿಯುವ ನೀರೂ ಇಲ್ಲ. ಹಾಗಾಗಿ ಬೈಂದೂರಿನ ಹೊಳೆಯಿರಲಿ, ಬ್ರಹ್ಮಾವರದ ಸೀತಾನದಿಯಿರಲಿ, ನಮ್ಮ ಬೆಳೆಗೆ ಕಾವಲು ನಿಂತ ಹಲಗೆಯೇ ಅಂತರಗಂಗೆಗೂ ಕಾವಲು. ಹಲಗೆ ತೆಗೆಯುವುದು ಬೇಡವೆಂದು ಮತ ಹಾಕಲು ಅದಕ್ಕೆ ಬರುವುದಿಲ್ಲ, ಅದೊಂದು ಸಮಾಧಾನ.

ಮಳೆಗಾಲದ ನೆರೆ ಒಂದಷ್ಟನ್ನು ಕಡಲಿಗೆ ದೂಡುತ್ತದೆ, ಇನ್ನೊಂದಷ್ಟನ್ನು ಬೈಲಿಗೆ ತಂದು ಬಿಡುತ್ತದೆ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ತಂದ, ಸಾಲ್ವೀನಿಯಾವನ್ನೇ ತಿನ್ನುವ ಸಣ್ಣ ಮೂತಿಹುಳು ಒಂದು ನೈದಿಲೆ ಕೊಳವನ್ನು ವರ್ಷದೊಳಗೆ ಚೊಕ್ಕ ಮಾಡಿತ್ತು. ಅದು ನಿಂತ ನೀರು. ನಮ್ಮ ಆಷಾಢದ ನೆರೆಗೆ ಹುಳವೂ ಗಂಗೊಳ್ಳಿ ಸೇರೀತು ಎಂಬುದು ನನ್ನ ಅನುಮಾನ.

ಹುಳ ಬಿಡುವುದಿದ್ದರೆ ಹಳೆಯ ಆವೆಮಣ್ಣಿನ ಹೊಂಡಗಳಿಗೆ ಬಿಡಬೇಕು. ಹಂಚಿನ ಕಾರ್ಖಾನೆಗೆ ಮಣ್ಣು ಕೊಟ್ಟು ಬಾಯ್ತೆರೆದು ಕೂತ ಈ ಹೊಂಡಗಳಲ್ಲೂ ಬೇಸಗೆಯ ಅಂತರಗಂಗೆ ಜೀವ ಉಳಿಸಿಕೊಳ್ಳುತ್ತದೆ. ನೀರು ತಗ್ಗಿದ ಮಾರ್ಚ್, ಏಪ್ರಿಲ್‌ನಲ್ಲಿ ಬಲೆ ಹಾಸಿ, ಮುರಿಯದಂತೆ ಇಡಿಯಾಗಿ ಎತ್ತಿ ಬೆಟ್ಟಿನಲ್ಲಿ ಒಣಗಿಸಿದರೆ ಆಳಿನ ಖರ್ಚು ಅರ್ಧಕ್ಕಿಳಿಯಬಹುದು. ಆದರೆ ಆಗ ನಮ್ಮಲ್ಲಿ ಜಾತ್ರೆ, ಮದುವೆ, ರಾತ್ರಿಯಿಡೀ ಹರಕೆಯಾಟ. ಹಗಲಿಡೀ ನಿದ್ದೆ. ಹೊಂಡದ ಸುದ್ದಿ ಎತ್ತಿದರೆ ‘ಮಳಿ ಬರ್ಲಿ, ಕಾಂಬ’ ಅನ್ನುತ್ತಾರೆ.