ಕಾಣದ ಹೊಗೆಯ ಲೆಕ್ಕ

ರಾತ್ರಿ ನಮ್ಮ ಮನೆಯ ಮಹಡಿಯಿಂದ ನೋಡಿದರೆ ದಿಗಂತದಲ್ಲಿ ತೈಲ ಶುದ್ಧೀಕರಣ ಘಟಕದ ಜ್ವಾಲೆಯೊಂದು ನಂದಾದೀಪದಂತೆ ಉರಿಯುತ್ತಿರುತ್ತದೆ. ಕೊಲ್ಲಿ ನಾಡಿಗೆ ಬಂದ ಹೊಸತರಲ್ಲಿ ಅದನ್ನು ಬೆರಗಿನಿಂದ ನೋಡುತ್ತಿದ್ದೆವು. ಈಗ ನೋಡುವುದನ್ನೇ ಮರೆತಿದ್ದೇವೆ. ಗಾಳಿ ಇತ್ತ ತಿರುಗಿದ ದಿನ ಆಗತಾನೇ ಗೀರಿದ ಬೆಂಕಿಕಡ್ಡಿಯಂಥ ಘಾಟು ಮೂಗಿಗೆ ಬಡಿಯುತ್ತದೆ. ಕಿಟಕಿ ಮುಚ್ಚಿ ಸುಮ್ಮನಾಗುತ್ತೇವೆ.

ಆ ಘಾಟು ಸಲ್ಫರ್ ಡೈಆಕ್ಸೈಡಿನದು. ಇಲ್ಲಿನ ತೈಲ ಮತ್ತು ಅನಿಲದಲ್ಲಿ ಗಂಧಕದ ಅಂಶ ಹೆಚ್ಚು. ನೆಲದಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅನಿಲ ಪ್ರಾಣಾಂತಕವಾದುದು. ಅದರ ಬಹುಭಾಗವನ್ನು ಹಳದಿ ಗಂಧಕವಾಗಿ ಮಾರ್ಪಡಿಸಿ ಗೊಬ್ಬರದ ಕಾರ್ಖಾನೆಗಳಿಗೆ ಸಾಗಿಸುತ್ತಾರೆ. ಜ್ವಾಲೆಗೆ ಹೋಗಿ ಸುಟ್ಟದ್ದು ಸಲ್ಫರ್ ಡೈಆಕ್ಸೈಡ್ ಆಗಿ ಆಕಾಶ ಸೇರುತ್ತದೆ. ಅದು ಉಬ್ಬಸವನ್ನು ಕೆರಳಿಸುತ್ತದೆ. ಗಾಳಿಯಲ್ಲಿ ಸೂಕ್ಷ್ಮ ಕಣಗಳಾಗಿ ನೂರಾರು ಕಿಲೋಮೀಟರ್ ದೂರದವರ ಶ್ವಾಸಕೋಶವನ್ನೂ ಹೊಕ್ಕುತ್ತದೆ. ಆದರೆ ಅದಕ್ಕೆ ಬಣ್ಣವಿಲ್ಲ. ನಮ್ಮ ಕಣ್ಣಿಗೆ ಕಾಣದ ಇದನ್ನು ಆಕಾಶದಿಂದ ಕಾಣಬಹುದೆಂಬುದು ನಮಗೆ ತಿಳಿದದ್ದು ತೀರ ಈಚೆಗೆ.

ಮನುಷ್ಯನಿಗೆ ಈ ಉಪಾಯ ಹೊಳೆದದ್ದೂ ಆಕಸ್ಮಿಕವಾಗಿಯೇ. 1978ರಲ್ಲಿ ನಿಂಬಸ್-7 ಉಪಗ್ರಹದೊಡನೆ ಹಾರಿದ ಟಾಮ್ಸ್ ಉಪಕರಣದ ಕೆಲಸ ಓಜೋನನ್ನು ಅಳೆಯುವುದಷ್ಟೇ ಆಗಿತ್ತು. 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್ ಜ್ವಾಲಾಮುಖಿ ಸಿಡಿದಾಗ ಅದರ ಮೇಲೆ ಓಜೋನ್ ಹಠಾತ್ತನೆ ಹೆಚ್ಚಿದಂತೆ ತೋರಿತು. ನಾಸಾದ ಆರ್ಲಿನ್ ಕ್ರೂಗರ್ ಅದು ಓಜೋನ್ ಅಲ್ಲ, ಸಲ್ಫರ್ ಡೈಆಕ್ಸೈಡಿನ ಮೋಡವೆಂದು ಗುರುತಿಸಿದರು. ಭೂಮಿಯಿಂದ ಮರಳುವ ಸೂರ್ಯನ ಬೆಳಕಿನಲ್ಲಿ ಕೆಲವು ಅತಿನೇರಳೆ ಕಿರಣಗಳನ್ನು ಈ ಅನಿಲ ಹೀರಿಕೊಳ್ಳುತ್ತದೆ. ಹಾಗೆ ಕಡಿಮೆಯಾದ ಬೆಳಕೇ ಅದರ ಗುರುತು.

2004ರ ಜುಲೈಯಲ್ಲಿ ಹಾರಿದ ಔರಾ ಉಪಗ್ರಹದ ಓಮಿ ಉಪಕರಣ ಜ್ವಾಲಾಮುಖಿಗಳನ್ನಷ್ಟೇ ಅಲ್ಲದೆ ಚಿಮಣಿಗಳನ್ನೂ ಕಾಣಬಲ್ಲದು. ಬಹುಕಾಲ ಅದು ಹಾದುಹೋಗುತ್ತಿದ್ದುದು ಮಧ್ಯಾಹ್ನ ಒಂದೂವರೆಯ ಆಸುಪಾಸು. ಬೇಸಿಗೆಯಲ್ಲಿ ಇಲ್ಲಿನ ಕಾರ್ಮಿಕರು ಸುಡುಬಿಸಿಲಿಗಾಗಿ ಕೆಲಸ ನಿಲ್ಲಿಸಿ ನೆರಳು ಸೇರುವ ಹೊತ್ತದು. ಒಂದು ದಿನದ ಚಿತ್ರದಲ್ಲಿ ಸಣ್ಣ ಚಿಮಣಿ ಕಾಣದು. ಗದ್ದಲದ ಸಂತೆಯಲ್ಲಿ ಪಿಸುಮಾತು ಕೇಳದಂತೆ. ವರ್ಷಗಟ್ಟಲೆಯ ಚಿತ್ರಗಳನ್ನು ಗಾಳಿಯ ದಿಕ್ಕಿಗೆ ಹೊಂದಿಸಿ ಸರಾಸರಿ ತೆಗೆದಾಗ ಮಾತ್ರ ಆ ಪಿಸುಮಾತು ಕೇಳಿಸುತ್ತದೆ. ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳು 2005ರಿಂದ 2014ರವರೆಗಿನ ದತ್ತಾಂಶವನ್ನು ಹೀಗೆ ಸೋಸಿ, ಯಾವ ಲೆಕ್ಕಪಟ್ಟಿಯಲ್ಲೂ ಇಲ್ಲದ 39 ಮೂಲಗಳನ್ನು 2016ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹಲವು ನಮ್ಮ ಈ ಕೊಲ್ಲಿಯ ಸುತ್ತಲಿನವು. ಅದನ್ನು ಓದಿದ ರಾತ್ರಿ ಬಹಳ ದಿನಗಳ ಮೇಲೆ ಆ ಜ್ವಾಲೆಯನ್ನು ನಾವು ನಿಂತು ನೋಡಿದೆವು. ನಾವು ಉಣ್ಣುವ ಅನ್ನವೂ ಅಲ್ಲಿಂದಲೇ ಬರುತ್ತದೆಂಬ ಅರಿವು ನಮಗಿತ್ತು.

ತವರಿನ ಕಥೆಯೂ ಭಿನ್ನವಲ್ಲ. 2007ರಿಂದ ಒಂದು ದಶಕದಲ್ಲಿ ಚೀನಾ ತನ್ನ ಸಲ್ಫರ್ ಡೈಆಕ್ಸೈಡನ್ನು ಶೇ. 75ರಷ್ಟು ತಗ್ಗಿಸಿತು, ಭಾರತದ್ದು ಶೇ. 50ರಷ್ಟು ಏರಿತು ಎಂದು ಇದೇ ಓಮಿಯ ದತ್ತಾಂಶ ಹೇಳಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ನಿಜ. ಆದರೆ ಸುಡುವ ಕಲ್ಲಿದ್ದಲು ಅಪಾರ. ಚಿಮಣಿಯಲ್ಲೇ ಈ ಅನಿಲವನ್ನು ಹಿಡಿಯುವ ಯಂತ್ರಗಳಿವೆ. ಅವು ಬೇಕಾಗುವಂಥ ನಿಯಮ 2015ರ ಡಿಸೆಂಬರಿನಲ್ಲಿ ಬಂತು, ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ದೊರೆಯಿತು.

ಉತ್ತರ ಕರ್ನಾಟಕದ ನಮ್ಮ ಊರಿನಿಂದಲೂ ಉಷ್ಣ ವಿದ್ಯುತ್ ಸ್ಥಾವರವೊಂದರ ಚಿಮಣಿ ಕಾಣುತ್ತದೆ. ಮೊದಲು ಒಗೆದು ಹಾಕಿದ ಬಟ್ಟೆಯ ಮೇಲೆ ಬೂದಿ ಕೂರುತ್ತಿತ್ತು. ಈಗ ಬೂದಿಯನ್ನು ಹಿಡಿಯುವ ವ್ಯವಸ್ಥೆ ಸುಧಾರಿಸಿದೆ. ಉಬ್ಬಸದಿಂದ ಬಳಲುವ ಅವ್ವ ಮೊನ್ನೆ ಫೋನಿನಲ್ಲಿ ಸಂತೋಷದಿಂದ ಹೇಳಿದರು: "ಈಗ ಹೊಗಿ ಕಾಣಂಗಿಲ್ಲ, ಗಾಳಿ ಚೊಲೊ ಆಗೇತಿ."

ನಾವು ಸ್ವಲ್ಪ ತಡೆದು, ಬೂದಿಯನ್ನು ಹಿಡಿಯುವ ಯಂತ್ರಕ್ಕೆ ಈ ಅನಿಲ ಸಿಗುವುದಿಲ್ಲವೆಂದು ವಿವರಿಸಿದೆವು. ಉಪಗ್ರಹದ ಸಂಗತಿಯನ್ನೂ ಹೇಳಿದೆವು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಅಂದರು: "ಮ್ಯಾಲಿಂದ ಇಪ್ಪತ್ತು ವರ್ಷದಿಂದ ನೋಡಾಕತ್ತಾರಂದ್ರ, ನೋಡಿದವರು ಏನು ಮಾಡಿದ್ರು?"

ಉಪಗ್ರಹದ ಕೆಲಸ ನೋಡುವುದು. ಅದು ತನ್ನ ಕೆಲಸವನ್ನು ತಪ್ಪದೆ ಮಾಡಿದೆ. ಅವ್ವನ ಪ್ರಶ್ನೆ ಅದಕ್ಕಲ್ಲ, ನೋಡಿಯೂ ಕಿಟಕಿ ಮುಚ್ಚಿಕೊಳ್ಳುವ ನಮ್ಮಂಥವರಿಗೆ. ನಮ್ಮಲ್ಲಿ ಉತ್ತರವಿರಲಿಲ್ಲ. "ಔಷಧಿ ತಪ್ಪಿಸಬ್ಯಾಡ ಅವ್ವ" ಎಂದಷ್ಟೇ ಹೇಳಿ ಫೋನು ಇಟ್ಟೆವು.