ಪಂಪಾಕ್ಷೇತ್ರದ ಯಾತ್ರೆ ಮತ್ತು ಕುಡಿಯುವ ನೀರು

ಯಾತ್ರೆಗೆ ಹೊರಡುವ ಕುಟುಂಬದವರು ಬುತ್ತಿಯ ವಿಷಯದಲ್ಲಿ ವಹಿಸುವ ಕಾಳಜಿಯನ್ನು ನೀರಿನ ವಿಷಯದಲ್ಲಿ ವಹಿಸುವುದು ಕಡಿಮೆ. ಎಂಟು ದಿನ ಕೆಡದ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಎಲ್ಲವೂ ಗಂಟಿನಲ್ಲಿ ಸೇರುತ್ತವೆ. ನೀರು ಮಾತ್ರ ಹೋದಲ್ಲಿ ಸಿಕ್ಕೀತೆಂಬ ಭರವಸೆ. ಊರಿಗೆ ಮರಳಿದ ಮೇಲೆ ಯಾರಾದರೂ ಹೊಟ್ಟೆ ಹಿಡಿದುಕೊಂಡು ಮಲಗಿದರೆ, "ಅಲ್ಲಿಯ ನೀರು ಒಗ್ಗಲಿಲ್ಲ" ಎಂದು ಹಿರಿಯರು ಹೇಳಿಬಿಡುತ್ತಾರೆ. ಈ ಒಂದು ಮಾತಿನಲ್ಲಿ ಎಷ್ಟು ಬೇರೆ ಬೇರೆ ಕಾರಣಗಳು ಅಡಗಿವೆಯೆಂಬುದನ್ನು ವಿಚಾರಿಸುವವರು ವಿರಳ. ಕಳೆದ ಶ್ರಾವಣದಲ್ಲಿ ನಾವು ನಾಲ್ಕು ಸದ್ಭಕ್ತ ಕುಟುಂಬಗಳೊಡನೆ ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳನ್ನು ಆರು ದಿನಗಳಲ್ಲಿ ಸುತ್ತಿ ಬಂದೆವು. ಆ ಸ್ಥಳಗಳ ಶಿಲ್ಪ, ಶಾಸನ, ಸ್ಥಳಪುರಾಣಗಳನ್ನು ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. ನಾವು ಇಲ್ಲಿ ನಿರೂಪಿಸಹೊರಟಿರುವುದು ಅಲ್ಲಿಯ ನೀರಿನ ವಿಷಯ.

ಹೊಸಪೇಟೆಗೆ ಇಳಿದವರು ಮೊದಲು ನೋಡುವುದು ಅಣೆಕಟ್ಟನ್ನು. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹಿಂದೆ ನೀರು ಕಡಲಿನಂತೆ ಹಬ್ಬಿ ನಿಂತಿರುತ್ತದೆ. ಮೊದಲು ಸುಮಾರು 133 ಟಿಎಂಸಿ ಇದ್ದ ಇದರ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕಳಚಿ ಹೋದಾಗ ನಾಡಿಗೆ ನಾಡೇ ಬೆಚ್ಚಿಬಿದ್ದುದು ಓದುಗರಿಗೆ ನೆನಪಿರಬಹುದು. ನೀರು ಎಷ್ಟಿದೆ ಎಂಬ ಚಿಂತೆ ಎಲ್ಲರಿಗೂ ಇದೆ. ಹೇಗಿದೆ ಎಂಬ ಚಿಂತೆ ಅಷ್ಟಿಲ್ಲ. ಮೇಲ್ಭಾಗದ ಶಿವಮೊಗ್ಗ, ಭದ್ರಾವತಿ, ಹರಿಹರ ಮೊದಲಾದ ಊರುಗಳ ಕೊಳೆಯೂ ಹೊಲಗದ್ದೆಗಳ ಗೊಬ್ಬರದ ಸಾರವೂ ಇದೇ ನದಿಯನ್ನು ಸೇರುತ್ತವೆ. ಈಚಿನ ಕೆಲವು ವರ್ಷಗಳಲ್ಲಿ ಮಳೆಗಾಲ ಕಳೆದ ಮೇಲೆ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ್ದೂ ಉಂಟು. ಗೊಬ್ಬರದ ಸಾರವನ್ನುಂಡು ಬೆಳೆಯುವ ಸೂಕ್ಷ್ಮ ಪಾಚಿಯ ಕೆಲಸವದು. ಅಂಥ ನೀರನ್ನು ಕಾಯಿಸಿದರೆ ಪಾಚಿ ಸಾಯುವುದೇ ಹೊರತು, ಅದು ನೀರಿಗೆ ಬಿಟ್ಟಿರಬಹುದಾದ ವಿಷ ಹೋಗುವುದಿಲ್ಲ. ಹಸಿರುಗಟ್ಟಿದ ನೀರನ್ನು ಮುಟ್ಟದಿರುವುದೇ ಲೇಸು.

ಪಟ್ಟಣಕ್ಕೆ ಒದಗಿಸುವ ನೀರನ್ನು ಪಟಿಕ ಹಾಕಿ ತಿಳಿಗೊಳಿಸಿ, ಮರಳಿನ ಮೂಲಕ ಸೋಸಿ, ಕ್ಲೋರಿನ್ ಬೆರೆಸಿ ಬಿಡುತ್ತಾರೆ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಅದು ಕುಡಿಯಲು ಯೋಗ್ಯವಾದ ನೀರು. ಕೆಡುವುದು ದಾರಿಯಲ್ಲಿ. ನಮ್ಮ ಊರುಗಳಲ್ಲಿ ನಲ್ಲಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಬರುವುದಿಲ್ಲ. ನೀರು ನಿಂತ ವೇಳೆಯಲ್ಲಿ ಕೊಳವೆ ಬರಿದಾಗಿ ಒಳಗಿನ ಒತ್ತಡ ಇಳಿಯುತ್ತದೆ. ಆಗ ಕೊಳವೆಯಲ್ಲಿ ಒಂದು ಸೀಳಿದ್ದು ಪಕ್ಕದಲ್ಲಿ ಚರಂಡಿಯೊಂದು ಹರಿಯುತ್ತಿದ್ದರೆ, ಹೊರಗಿನ ಕೊಳೆಯನ್ನು ಕೊಳವೆಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ನಲ್ಲಿ ತಿರುಗಿಸಿದವರ ಕೊಡಕ್ಕೆ ಮೊದಲು ಬೀಳುವುದು ಆ ನೀರು. ಕೊಳೆ ಸ್ವಲ್ಪವಾಗಿದ್ದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. 2023ರ ಜನವರಿಯಲ್ಲಿ ಹೊಸಪೇಟೆಯ ರಾಣಿಪೇಟೆಯಲ್ಲಿ ಕಲುಷಿತ ನೀರಿನಿಂದ ಅನೇಕರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಅದಕ್ಕೂ ಮೊದಲು, 2021ರಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಇಂಥದೇ ನೀರು ಕುಡಿದು ಹಲವರು ಪ್ರಾಣವನ್ನೇ ಕಳೆದುಕೊಂಡರು. ಆದ್ದರಿಂದ "ಹೊಸಪೇಟೆಯ ನೀರು ಒಳ್ಳೆಯದೇ?" ಎಂದು ಕೇಳುವವರಿಗೆ ಅಣೆಕಟ್ಟನ್ನು ತೋರಿಸಿ ಉತ್ತರ ಹೇಳಲಾಗದು. ಕೊಳವೆಯ ಕೊನೆಯ ಫರ್ಲಾಂಗಿನ ಸ್ಥಿತಿಯನ್ನೂ, ತಂಗಿದ ವಸತಿಗೃಹದ ತೊಟ್ಟಿಗೆ ಮುಚ್ಚಳವಿದೆಯೇ, ಅದನ್ನು ತೊಳೆದು ಎಷ್ಟು ಕಾಲವಾಯಿತು ಎಂಬುದನ್ನೂ ವಿಚಾರಿಸಬೇಕಾಗುತ್ತದೆ. ಎಷ್ಟೇ ಬಾಡಿಗೆ ತೆತ್ತ ಕೋಣೆಯಾದರೂ ಅಲ್ಲಿಯ ನಲ್ಲಿಯಲ್ಲಿ ಬರುವುದು ಮಾಳಿಗೆಯ ಮೇಲಿನ ಆ ತೊಟ್ಟಿಯ ನೀರೇ.

ಹೊಸಪೇಟೆಯಿಂದ ಹಂಪೆಗೆ ಹೋಗುವಾಗ ನೀರಿನ ಇನ್ನೊಂದು ಯುಗವನ್ನು ಹೊಕ್ಕಂತಾಗುತ್ತದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಕೃಷ್ಣದೇವರಾಯನು ಎರಡು ಬೆಟ್ಟಗಳ ನಡುವೆ ಕಟ್ಟಿಸುತ್ತಿದ್ದ ಕೆರೆಯನ್ನೂ ಅಲ್ಲಿ ದುಡಿಯುತ್ತಿದ್ದ ಸಹಸ್ರಾರು ಜನರನ್ನೂ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅರಮನೆಯ ಆವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಹಾಯ್ದು ಬರುವ ತೆರೆದ ಕಲ್ಲುದೋಣಿಯ ಕಾಲುವೆ, 1980ರ ದಶಕದ ಉತ್ಖನನದಲ್ಲಿ ಬೆಳಕು ಕಂಡ ಮೆಟ್ಟಿಲುಗಳ ಪುಷ್ಕರಣಿ, ನೆಲದೊಳಗಿನ ಸುಟ್ಟಮಣ್ಣಿನ ಕೊಳವೆಗಳು, ಸಾಲುಗಲ್ಲುಗಳ ಮೇಲೆ ಊಟದ ತಟ್ಟೆಗಳನ್ನು ಕೊರೆದು ನಡುವೆ ನೀರು ಹರಿಯಲು ಬಿಟ್ಟ ಭೋಜನಶಾಲೆ, ಇವನ್ನು ನೋಡುತ್ತಾ ನಡೆದರೆ ಅರ್ಧ ದಿನ ಕಳೆದದ್ದೇ ತಿಳಿಯುವುದಿಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಕೆಲವು ಈಗಲೂ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಆದರೆ ಆ ಕಾಲದ ಕಾಲುವೆ ಇಂದೂ ಹರಿಯುತ್ತಿದೆಯೆಂದ ಮಾತ್ರಕ್ಕೆ ಅದರ ನೀರು ಇಂದಿನ ಬಾಯಿಗೆ ಯೋಗ್ಯವೆಂದು ತಿಳಿಯಲಾಗದು. ನಮ್ಮ ಜೊತೆಯ ಯುವಕನೊಬ್ಬ ಕಾಲುವೆಯ ತಿಳಿನೀರಿಗೆ ಬೊಗಸೆಯೊಡ್ಡಿದಾಗ, ಮೇಲಿನ ತೋಟದಲ್ಲಿ ಔಷಧಿ ಸಿಂಪಡಿಸುತ್ತಿದ್ದ ರೈತನೇ ಕೂಗಿ ತಡೆದನು. ಆ ಪುಣ್ಯಾತ್ಮನ ಹೆಸರನ್ನು ಕೇಳುವಷ್ಟರಲ್ಲಿ ಆತ ಬಾಳೆಯ ಮರೆಗೆ ಸರಿದಿದ್ದನು.

ವಿರೂಪಾಕ್ಷನ ಸನ್ನಿಧಿಯಲ್ಲಿ ತೀರ್ಥದ ಪ್ರಶ್ನೆ ಏಳುತ್ತದೆ. ನಾವು ಹೋದಾಗ ನದಿ ತುಂಬಿ, ಪುರಂದರ ಮಂಟಪದ ಕಂಬಗಳನ್ನು ಕೆಂಪು ನೀರು ಸುತ್ತಿಕೊಂಡಿತ್ತು. ಚೈತ್ರದ ರಥೋತ್ಸವದ ಹೊತ್ತಿಗೆ ನದಿ ಬಡವಾಗಿ, ಒಂದೇ ಮಡುವಿನಲ್ಲಿ ಸಾವಿರಾರು ಜನ ಮಿಂದು, ಬಟ್ಟೆ ಒಗೆದು, ಅಲ್ಲಿಯೇ ಬಾಯಿ ಮುಕ್ಕಳಿಸುತ್ತಾರೆ. ಮೀಯಲು ಅಡ್ಡಿಯಿಲ್ಲ, ಮಿಂದ ನೀರನ್ನು ಶಿಶುವಿನ ಬಾಯಿಗೆ ಬಿಡಬೇಕೆಂದು ಯಾವ ಶಾಸ್ತ್ರವೂ ಕಟ್ಟಳೆ ವಿಧಿಸಿಲ್ಲ. ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ, ಲಿಂಗಪೂಜೆಯ ಅಗ್ಘವಣಿಯನ್ನು ತೊಳೆದ ಬಟ್ಟೆಯಲ್ಲಿ ಸೋಸದೆ ಒಳಗೆ ತರುವಂತಿರಲಿಲ್ಲ. ಬಟ್ಟೆಯನ್ನು ಒಂದೇ ಪದರಾಗಿ ಹಿಡಿದ ಹುಡುಗನಿಗೆ ಅಡುಗೆಯ ಹಿರಿಯರು ಮತ್ತೆ ಬಾವಿಗೆ ಹೋಗಿ ಬರುವ ಶಿಕ್ಷೆ ಕೊಡುತ್ತಿದ್ದರು. ಪೂಜೆಯ ನೀರಿಗೆ ಅಷ್ಟು ಕಟ್ಟುನಿಟ್ಟು ಮಾಡಿದವರು ನಮ್ಮ ಹಿರಿಯರು. ಪಾದೋದಕವಾಗಿ ಒಳಗೆ ಹೋಗುವ ನೀರನ್ನು ಕಾಯಿಸಿ ಆರಿಸಿ ಬಳಸಿದರೆ ಆಚಾರಕ್ಕೆ ಯಾವ ಊನವೂ ಇಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆ ಸೋಸುವಿಕೆಗೆ ಆಧುನಿಕ ವಿಜ್ಞಾನದ ಸಾಕ್ಷಿಯೂ ದೊರೆತಿದೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ರೀಟಾ ಕೋಲ್‌ವೆಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಹಳೆಯ ಸೀರೆಯನ್ನು ಎಂಟು ಪದರಾಗಿ ಮಡಿಸಿ ನೀರು ಸೋಸುವುದನ್ನು ಹೆಂಗಸರಿಗೆ ಕಲಿಸಿದರು. ಕಾಲರಾ ಸುಮಾರು ಅರ್ಧಕ್ಕಿಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾದ ಅಣುಗಳು ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡಿರುವುದರಿಂದ, ಹುಳುವನ್ನು ಬಟ್ಟೆ ತಡೆದರೆ ಅಣುವೂ ತಡೆಯಲ್ಪಡುತ್ತದೆ. ಆದರೂ ಉಳಿದ ಅರ್ಧ ಉಳಿಯಿತಲ್ಲ! ಸೋಸಿದ ಮೇಲೆ ಕಾಯಿಸಲೇಬೇಕು. ನೀರು ಬಿಸಿಯಾದರೆ ಸಾಲದು, ಕೊತಕೊತನೆ ಒಂದೆರಡು ನಿಮಿಷ ಕುದಿಯಬೇಕು, ಕಾಯಿಸಿದ ಪಾತ್ರೆಯಲ್ಲಿಯೇ ಮುಚ್ಚಿ ಆರಬೇಕು. ತಾಮ್ರದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ರೋಗಾಣುಗಳು ಸಾಯುವುದನ್ನು ಪರೀಕ್ಷೆಗಳು ತೋರಿಸಿವೆ. ಆದರೆ ಬಸ್ಸು ಹಿಡಿಯುವ ಯಾತ್ರಿಕನಿಗೆ ಆ ಪುರಸೊತ್ತೆಲ್ಲಿ? ಕ್ಲೋರಿನ್ ಗುಳಿಗೆ ಹಾಕುವವರು ಪೊಟ್ಟಣದ ಮೇಲಿನ ಅಳತೆಯನ್ನು ಪಾಲಿಸಿ ಅರ್ಧ ಗಂಟೆ ಕಾಯಬೇಕು.

ಹಂಪೆಯ ಎದುರುದಡದಲ್ಲಿ, ನದಿಯ ಎರಡು ಕವಲುಗಳ ನಡುವೆ, ವಿರೂಪಾಪುರಗಡ್ಡೆ ಇದೆ. ಗಂಗಾವತಿ ತಾಲ್ಲೂಕಿಗೆ ಸೇರಿದ ಈ ನಡುಗಡ್ಡೆಯಲ್ಲಿ ವಿದೇಶೀಯರು ತಿಂಗಳುಗಟ್ಟಲೆ ತಂಗುತ್ತಿದ್ದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ಅಲ್ಲಿಯ ವಸತಿಗೃಹಗಳನ್ನು ತೆರವುಗೊಳಿಸಲಾಯಿತು. ಪ್ರವಾಹವಿದ್ದುದರಿಂದ ನಾವು ಈ ದಡದಿಂದಲೇ ನೋಡಿದೆವು. ಆ ಪರದೇಶದವರು ಸೀಸೆಯ ನೀರಿಲ್ಲದೆ ಹೆಜ್ಜೆ ಇಡರೆಂದು ನಮ್ಮ ಜನ ನಗುತ್ತಿದ್ದುದನ್ನು ನಾವು ಬಲ್ಲೆವು. ಈಗ ಬೆಂಗಳೂರಿನ ಯಂತ್ರದ ನೀರು ಕುಡಿದು ಬೆಳೆದ ನಮ್ಮ ಮೊಮ್ಮಕ್ಕಳೂ ಅಮೆರಿಕದಿಂದ ರಜೆಗೆ ಬರುವ ಮಕ್ಕಳೂ ಈ ನೀರಿಗೆ ಅವರಷ್ಟೇ ಪರಕೀಯರು. "ಒಗ್ಗುವುದು" ಎಂಬ ಮಾತಿನಲ್ಲಿ ಇಷ್ಟು ನಿಜವಿದೆ: ಒಂದೂರಿನ ಸಾಮಾನ್ಯ ಅಣುಗಳಿಗೆ ಅಲ್ಲಿಯವರ ಹೊಟ್ಟೆ ತಕ್ಕಮಟ್ಟಿಗೆ ಪಳಗಿರುತ್ತದೆ. ಚರಂಡಿ ಬೆರೆತ ನೀರಿಗೆ ಮಾತ್ರ ಸ್ಥಳೀಕರೂ ಪಳಗುವುದಿಲ್ಲ. ಮಕರಬ್ಬಿಯಲ್ಲಿ ತೀರಿಕೊಂಡವರು ಆ ಊರಿನವರೇ.

ಕಂಪ್ಲಿಯಲ್ಲಿ ನಮಗೆ ಕಷ್ಟದ ರಾತ್ರಿಯೊಂದು ಒದಗಿತು. ಕಂಪಿಲರಾಯನ, ಕುಮಾರರಾಮನ ನಾಡಿದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಗಂಗಾವತಿಗೆ ಹೋಗುವ ಸೇತುವೆಯೇ ಮುಳುಗುವಷ್ಟು ನದಿ ಊರಿಗೆ ಹತ್ತಿರ. ಭಕ್ತರೊಬ್ಬರ ಮನೆಯಲ್ಲಿ ನಮಗೆಲ್ಲ ಬಿಡಾರ. ಹೊಸಿಲು ದಾಟುತ್ತಲೇ ಗೃಹಿಣಿ ತಂಬಿಗೆಯಲ್ಲಿ ನೀರು ತಂದರು. ನಮ್ಮ ಗುಂಪಿನ ತಾಯಿಯೊಬ್ಬರು ಮಗುವಿಗೆ ಕೊಡಲು ಅನುಮಾನಿಸಿದಾಗ ಆಕೆ ನಮ್ಮ ಕಡೆ ತಿರುಗಿ, "ನಮ್ಮ ಮನಿ ನೀರು ಒಲ್ಲೆ ಅಂದ್ರೆ ಹೆಂಗೆ ಅಜ್ಜಾರೆ?" ಎಂದು ನೊಂದು ಕೇಳಿದರು. ದಾಕ್ಷಿಣ್ಯಕ್ಕೆ ತಾಯಿ ಮಗುವಿಗೆ ಕುಡಿಸಿದರು. ದಾರಿಯಲ್ಲಿ ಆ ಮಗು ಐಸು ಹಾಕಿದ ಕಬ್ಬಿನ ಹಾಲನ್ನೂ ಕುಡಿದಿತ್ತು. ಯಾವುದರ ಫಲವೆಂದು ಹೇಳಲು ಬಾರದು. ನಡುರಾತ್ರಿಗೆ ವಾಂತಿ, ಭೇದಿ. ಬೆಳಗಿನ ಜಾವಕ್ಕೆ ನಾಲ್ಕು ವರ್ಷದ ಕೂಸು ಬಾಡಿದ ಬಳ್ಳಿಯಾಗಿತ್ತು.

ಆ ಗೃಹಿಣಿಯೇ ಒಲೆ ಹೊತ್ತಿಸಿ ನೀರು ಕುದಿಸಿದರು. ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕಾಗಿ, ಆಕೆಯೂ ತಾಯಿಯೂ ಸರದಿಯಂತೆ ಕುಡಿಸಿದರು. ಬೆಳಗಾದ ಮೇಲೆ ವೈದ್ಯರು ನೋಡಿ, ಹಾಗೆ ಕುಡಿಸಿದ್ದರಿಂದಲೇ ಸೂಜಿ, ಸಲಾಯಿನ್ ಬೇಕಾಗಲಿಲ್ಲವೆಂದು ಹೇಳಿ, ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣವನ್ನೂ ಜಿಂಕ್ ಗುಳಿಗೆಯನ್ನೂ ಬರೆದುಕೊಟ್ಟರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು ಸಕ್ಕರೆಯ ಇಂಥ ನೀರನ್ನೇ ಕೊಡಿಸಿ, ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಗಿಳಿಸಿದರು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ಮಾತ್ರ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು.

ಅತಿಥಿಗೆ ನೀರು ಕೊಡುವುದು ನಮ್ಮ ಮನೆತನಗಳ ಮರ್ಯಾದೆ. ಒಲ್ಲೆನೆಂದರೆ ಮನೆಯವರ ಮನಸ್ಸು ನೋಯುವುದು ಸಹಜ. ಆದರೆ ಈಗ ಮಧುಮೇಹವುಳ್ಳವರು ಸಿಹಿ ಒಲ್ಲೆನೆಂದರೆ ಯಾರೂ ಬೇಸರಿಸುವುದಿಲ್ಲ. "ಕೂಸಿಗೆ ಕಾಯಿಸಿದ ನೀರೇ ರೂಢಿ ತಾಯಿ, ಒಂದು ಪಾತ್ರೆ ಕಾಯಿಸಿಕೊಡಿ" ಎಂದು ಮೊದಲೇ ಕೇಳಿದರೆ ಸಂತೋಷದಿಂದ ಕಾಯಿಸಿಕೊಡುವರು. ಮಜ್ಜಿಗೆ, ಪಾನಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಸಿ ನೀರು ಬೆರೆಸಿದ ಮಜ್ಜಿಗೆ ಹಸಿ ನೀರೇ. ಅರವಟಿಗೆ ಇಡುವ, ದಾಸೋಹ ನಡೆಸುವ ಸಜ್ಜನರು ಹಂಡೆಗೆ ಮುಚ್ಚಳ, ಎತ್ತಿಕೊಳ್ಳಲು ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇಡಬೇಕು. ನೂರು ಕೈ ಅದ್ದಿದ ಹಂಡೆಗೆ ಎಷ್ಟು ಶುದ್ಧ ನೀರು ತುಂಬಿಸಿದರೂ ಫಲವೇನು?

ಕಂಪ್ಲಿಯಿಂದ ತೋರಣಗಲ್ಲಿನ ಮಾರ್ಗವಾಗಿ ಸಂಡೂರಿಗೆ ಹೊರಟಾಗ, ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಕಂಡವು. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಎಂಬ ಲವಣ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಮೇಲಿನ ಮಿತಿ. ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟಿ, ಮುಂದೆ ಎಲುಬು ಕೀಲುಗಳು ಬಿಗಿಯುತ್ತವೆ. ಇದನ್ನು ಕುದಿಸಿ ಕಳೆಯಲಾಗದು; ಕುದಿಸಿದಷ್ಟೂ ನೀರು ಇಂಗಿ ಲವಣ ಗಟ್ಟಿಯಾಗುತ್ತದೆ. ಎರಡು ದಿನದ ಯಾತ್ರಿಕನಿಗೆ ಇದರಿಂದ ಭಯವಿಲ್ಲ. ಅಲ್ಲಿಯೇ ಬೆಳೆಯುವ ಮಕ್ಕಳಿಗಾಗಿ ಆ ಘಟಕಗಳು ಕೆಡದೆ ನಡೆಯಬೇಕಾಗಿದೆ. ತುಂಬಿಸಿದ ಕ್ಯಾನಿನ ಒಳಗೆ ಕೈ ಹಾಕಿ ನೋಡಿದರೆ ಲೋಳೆ ಹತ್ತುವಂತಿದ್ದರೆ ಮಾತ್ರ ಘಟಕದ ಶ್ರಮವೆಲ್ಲ ವ್ಯರ್ಥ. ಸೀಸೆಯ ನೀರನ್ನು ಕೊಳ್ಳುವವರು ಮುಚ್ಚಳದ ಮುದ್ರೆ ಒಡೆಯದಿರುವುದನ್ನೂ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯನ್ನೂ ನೋಡಿಕೊಳ್ಳಬೇಕು.

ಸಂಡೂರಿನ ಬೆಟ್ಟಗಳು ಶ್ರಾವಣದಲ್ಲಿ ಹಸಿರುಟ್ಟಿರುತ್ತವೆ. ಗಣಿಗಾರಿಕೆ ಮಿತಿಮೀರಿದ್ದ ವರ್ಷಗಳಲ್ಲಿ ಕೆಂಧೂಳು ಮರ, ಮನೆ, ಹಳ್ಳಗಳನ್ನೆಲ್ಲ ಮುಚ್ಚಿತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆದ ಮೇಲೆ, ಈಗ ನಿಯಮಗಳೊಳಗೆ ಕೆಲವು ಗಣಿಗಳು ನಡೆಯುತ್ತಿವೆ. ಮಳೆ ಬಿದ್ದಾಗ ನಾರಿಹಳ್ಳದ ನೀರು ಈಗಲೂ ಕೆಂಪಾಗಿ ಬರುತ್ತದೆಂದು ಊರಿನವರು ಹೇಳಿದರು. ಕೆಂಪು ಕಣ್ಣಿಗೆ ಹೆದರಿಕೆ ಹುಟ್ಟಿಸುತ್ತದೆ, ಆದರೆ ಮಣ್ಣು ನಿಂತರೆ ತಂಗುತ್ತದೆ. ಕಾಡಿನ ನಡುವೆ ಹರಿಶಂಕರದಲ್ಲಿ ಬುಗ್ಗೆಯ ನೀರು ಸ್ಫಟಿಕದಂತೆ ಸುರಿಯುತ್ತದೆ. ನಮ್ಮ ಹೆಂಗಸರು ಅದನ್ನು ಕಣ್ಣಿಗೊತ್ತಿಕೊಂಡು ಸೀಸೆಗಳಲ್ಲಿ ತುಂಬಿಕೊಂಡರು. ಸುರಿಯುವ ದೋಣಿಯ ಮೇಲೆ ಮಂಗಗಳು ಕುಳಿತಿದ್ದವು. ಕಂಪ್ಲಿಯ ಆ ಕೂಸಿನ ತಾಯಿ ಯಾರ ಮಾತಿಗೂ ಕಾಯದೆ, ಸಂಜೆ ಬಿಡಾರದಲ್ಲಿ ಆ ನೀರನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟರು. ಆರಿದ ಮೇಲೆ ಎಲ್ಲರಿಗೂ ಒಂದೊಂದು ಲೋಟ ಬಂತು.